ಪ್ರಥಮ ವರ್ಷದ ಎಂಜಿನಿಯರಿಂಗ್ ಪಾಠ ಮತ್ತು ಆಲೆಮನೆಯ ಅಗತ್ಯ

ಮದ್ದೂರು–ಮಳವಳ್ಳಿ ರಸ್ತೆಯಲ್ಲಿರುವ ಭಾರತೀನಗರ, ಅರ್ಥಾತ್ ಕೆ.ಎಂ.ದೊಡ್ಡಿ, ಕಬ್ಬಿನ ಸೀಮೆಯ ಪ್ರಮುಖ ವ್ಯಾಪಾರ ಕೇಂದ್ರವಾಗಿದೆ. ಸಕ್ಕರೆ ಕಾರ್ಖಾನೆ, ಆಲೆಮನೆಗಳು, ಅವುಗಳ ಯಂತ್ರ ದುರಸ್ತಿಯ ಲೇತ್ ಹಾಗೂ ವೆಲ್ಡಿಂಗ್ ಅಂಗಡಿಗಳು ಒಂದನ್ನೊಂದು ಅವಲಂಬಿಸಿವೆ. ಜಿಲ್ಲಾ ಕೇಂದ್ರ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲಿಯೇ ಸ್ಥಾಪನೆಗೊಂಡಿತು. ಆದರೂ ಇಲ್ಲಿನ ಸಣ್ಣ ಉದ್ಯಮಿಗಳಿಗೆ ಬೇಕಾದ ತಾಂತ್ರಿಕ ನೆರವು ಸುಲಭವಾಗಿ ಒದಗುವುದಿಲ್ಲ. ಇದಕ್ಕೆ ಪರಿಹಾರವನ್ನು ಪದವಿಯ ಕೊನೆಯಲ್ಲಿ ಅಲ್ಲ, ಆರಂಭದಲ್ಲಿ ಹುಡುಕುವುದು ಸೂಕ್ತ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಿಂದಿನ ಪಠ್ಯಕ್ರಮಗಳಲ್ಲಿ ಎಲ್ಲ ವಿಭಾಗಗಳ ಪ್ರಥಮ ವರ್ಷದ ವಿದ್ಯಾರ್ಥಿಗಳೂ ಕಾರ್ಯಾಗಾರದಲ್ಲಿ ಫಿಟ್ಟಿಂಗ್ ಮತ್ತು ಬೆಸುಗೆಯನ್ನು ಕಲಿಯಬೇಕಿತ್ತು. ಕಂಪ್ಯೂಟರ್ ವಿಭಾಗದವನೂ ಅರವನ್ನು ಹಿಡಿಯುತ್ತಿದ್ದನು. 2022ರ ಪಠ್ಯಕ್ರಮವು ವಿಭಾಗಾನುಸಾರ ಪಾಠಗಳನ್ನು ತಂದು, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೊದಲಾದ ಶಾಖೆಗಳ ಪರಿಚಯಾತ್ಮಕ ವಿಷಯಗಳನ್ನು ಆಯ್ಕೆಗೆ ಬಿಟ್ಟಿತು. ಇದರೊಡನೆ ‘ನಾವೀನ್ಯ ಮತ್ತು ವಿನ್ಯಾಸ ಚಿಂತನೆ’ ಎಂಬ ಒಂದು ಕ್ರೆಡಿಟ್‌ನ ವಿಷಯವೂ ಸೇರಿತು. ಬಳಕೆದಾರನ ಕಷ್ಟವನ್ನು ಅರಿತು, ಸಮಸ್ಯೆಯನ್ನು ಗುರುತಿಸಿ, ಮಾದರಿಯನ್ನು ತಯಾರಿಸಿ ಪರೀಕ್ಷಿಸುವುದೇ ಇದರ ಸಾರ.

ಸಮಸ್ಯೆಗಳಿಗೆ ಆಲೆಮನೆಯಲ್ಲಿ ಕೊರತೆಯಿಲ್ಲ. ಗಾಣದ ಉರುಳೆಗಳ ನಡುವಣ ಅಂತರ ಸರಿಯಿಲ್ಲದಿದ್ದರೆ ರಸ ಸಿಪ್ಪೆಯಲ್ಲಿಯೇ ಉಳಿಯುತ್ತದೆ. ಒಲೆಯ ಶಾಖ ಹೊಗೆಯೊಡನೆ ಹೊರಹೋದರೆ ಸಿಪ್ಪೆ ಹೆಚ್ಚು ಬೇಕಾಗುತ್ತದೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಬೇಕು. ತಡವಾದರೆ ಬೆಲ್ಲ ಕಪ್ಪಾಗಿ ದರ ಕುಸಿಯುತ್ತದೆ. ಸಾಮಾನ್ಯವಾಗಿ 100 ಕಿಲೋ ಕಬ್ಬಿಗೆ ದೊರೆಯುವ ಬೆಲ್ಲ 10 ಕಿಲೋದ ಆಸುಪಾಸು. ಆದ್ದರಿಂದ ಅರ್ಧ ಕಿಲೋ ಹೆಚ್ಚಿದರೂ ಲಾಭವೇ. ಶಾಖ, ಯಂತ್ರ, ಅಳತೆ, ರಸಾಯನ ಇವೆಲ್ಲವೂ ಪ್ರಥಮ ವರ್ಷದ ಪಾಠಗಳೇ. ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಡಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿರುವುದರಿಂದ ಈ ವಿಷಯಕ್ಕೆ ಮತ್ತಷ್ಟು ಮಹತ್ವವಿದೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2017ರಲ್ಲಿ ರೂಪಿಸಿದ ಮೂರು ವಾರಗಳ ಪ್ರವೇಶ ಕಾರ್ಯಕ್ರಮದಲ್ಲಿ ಸ್ಥಳೀಯ ಪ್ರದೇಶಗಳ ಭೇಟಿಗೂ ಅವಕಾಶವಿದೆ. ಆಲೆಮನೆ ಮಾಲೀಕರು ಹಾಗೂ ವರ್ಕ್‌ಶಾಪ್ ಉದ್ಯಮಿಗಳು ಕಾಲೇಜಿನ ಪ್ರಾಂಶುಪಾಲರನ್ನು ಸಂಪರ್ಕಿಸಿ, ತಮ್ಮ ಒಂದೊಂದು ಸಮಸ್ಯೆಯನ್ನು ಅಳತೆ, ಖರ್ಚು ಸಹಿತ ಬರೆದುಕೊಡಬಹುದು. ವಿದ್ಯಾರ್ಥಿಗಳ ತಂಡಕ್ಕೆ ಒಂದು ದಿನ ಕೆಲಸದ ಸ್ಥಳವನ್ನು ತೋರಿಸಿ, ಅವರು ತಯಾರಿಸಿದ ಮಾದರಿಯನ್ನು ಸುರಕ್ಷಿತವಾಗಿ ಪರೀಕ್ಷಿಸಲು ಅವಕಾಶ ನೀಡಬಹುದು.

ಹದಿನೆಂಟರ ವಿದ್ಯಾರ್ಥಿಯಿಂದ ಪರಿಪೂರ್ಣ ಯಂತ್ರವನ್ನು ನಿರೀಕ್ಷಿಸುವುದು ತರವಲ್ಲ. ಆದರೆ ಆರಂಭದಲ್ಲಿಯೇ ಊರಿನ ಉದ್ಯಮವನ್ನು ಕಂಡವನು ಮುಂದೆ ಪ್ರಾಜೆಕ್ಟ್, ಇಂಟರ್ನ್‌ಶಿಪ್‌ಗಳಿಗೆ ಅಲ್ಲಿಗೇ ಮರಳುವ ಸಂಭವ ಹೆಚ್ಚು. ಕಾಲೇಜು ಕರೆಯಲೆಂದು ಕಾಯದೆ ಉದ್ಯಮಿಗಳೇ ಮೊದಲ ಹೆಜ್ಜೆ ಇಡುವುದು ಲೇಸು.