ಡೇಟಾ ಇಲ್ಲದ ಜಾಗದಲ್ಲೂ ವೆಬ್‌ಸೈಟ್: ನಿಮ್ಮ ಲ್ಯಾಪ್‌ಟಾಪೇ ಸರ್ವರ್

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯ್ತಾ ಇಯರ್‌ಫೋನ್ ಹಾಕಿಕೊಂಡವರಿಗೆ ಇವತ್ತೊಂದು ಉಪಯೋಗದ ವಿಷಯ ಉಂಟು.

ಕಾಲೇಜಿನಿಂದ ಒಂದು ದಿನದ ಪ್ರವಾಸ ಅಂದ್ಕೊಳ್ಳಿ. ಬಂಟ್ವಾಳ ತಾಲೂಕಿನ ಕಾರಿಂಜ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರ ಬಾಹುಬಲಿ, ಕೊನೆಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಪ್ರತಿ ಜಾಗಕ್ಕೂ ಒಂದೊಂದು ಪುಟ, ನಾಲ್ಕು ಫೋಟೋ ಮಾಡಿಟ್ಟಿದ್ದೀರಿ. ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ? ಒಂದು ಲ್ಯಾಪ್‌ಟಾಪ್, ಒಂದು ಹಾಟ್‌ಸ್ಪಾಟ್ ಸಾಕು ಮಾರಾಯ್ರೆ. ಡೇಟಾ ಬೇಡವೇ ಬೇಡ.

ಸ್ಟ್ಯಾಟಿಕ್ ಸರ್ವರ್ ಅಂದ್ರೆ ಕೇಳಿದ ಫೈಲನ್ನು ಇದ್ದ ಹಾಗೆಯೇ ಕೊಡುವ ಪ್ರೋಗ್ರಾಮ್, ಅಷ್ಟೇ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ 2009ರಲ್ಲಿ ಬಂತು. ಅದರಲ್ಲಿ ಎಚ್‌ಟಿಟಿಪಿ, ಎಫ್‌ಎಸ್, ಪಾತ್ ಅನ್ನೋ ಮೂರು ಮಾಡ್ಯೂಲ್ ಮೊದಲೇ ಇರ್ತವೆ. ಬೇರೇನೂ ಇನ್‌ಸ್ಟಾಲ್ ಮಾಡೋದು ಬೇಡ. ಕ್ರಿಯೇಟ್‌ಸರ್ವರ್ ಕರೆದು 8080 ಪೋರ್ಟಿನಲ್ಲಿ ಕೂರಿಸಿ. ಕೋರಿಕೆ ಬಂದಾಗ ರೀಡ್‌ಫೈಲ್‌ನಿಂದ ಫೈಲ್ ಓದಿ. ಸಿಕ್ಕಿದ್ರೆ 200, ಸಿಗದಿದ್ರೆ 404 ಉತ್ತರ ಕಳಿಸಿ. ಬರೀ ಸ್ಲ್ಯಾಶ್ ಕೇಳಿದ್ರೆ ಮುಖಪುಟದ ಫೈಲನ್ನೇ ಕೊಡಿ. ಇಪ್ಪತ್ತು ಮೂವತ್ತು ಸಾಲಿನ ಕೆಲಸ.

ಎರಡು ಕಡೆ ಮಾತ್ರ ಗಮನ ಬೇಕು.

ಮೊದಲನೆಯದು ಕನ್ನಡ. ಫೈಲ್ ಜೊತೆ ಅದು ಯಾವ ಬಗೆಯದು ಅಂತ ಹೇಳುವ ಕಂಟೆಂಟ್ ಟೈಪ್ ಕಳಿಸ್ಬೇಕು. ಪುಟಗಳಿಗೆ ಯುಟಿಎಫ್-8 ಅಂತಲೂ ಸೇರಿಸಿ. ಇಲ್ಲದಿದ್ರೆ 'ಮೂಡುಬಿದಿರೆ' ಅನ್ನೋದು ಗಜಿಬಿಜಿ ಚಿಹ್ನೆಗಳಾಗಿ ಕಾಣಬಹುದು. ಫೈಲ್ ಹೆಸರೇ ಕನ್ನಡದಲ್ಲಿದ್ರೆ ಬ್ರೌಸರ್ ಅದನ್ನು ಶೇಕಡಾ ಚಿಹ್ನೆಗಳ ಸಾಲಾಗಿ ಕಳಿಸುತ್ತೆ. ಅದನ್ನು ಡಿಕೋಡ್ ಮಾಡಿಯೇ ಹುಡುಕಬೇಕು.

ಎರಡನೆಯದು ಬಾಗಿಲು. ವಿಳಾಸದಲ್ಲಿ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಹಾಕಿದ್ರೆ 'ಒಂದು ಫೋಲ್ಡರ್ ಮೇಲೆ ಹೋಗು' ಅಂತ ಅರ್ಥ. ಬಂದ ವಿಳಾಸವನ್ನು ಹಾಗೇ ಜೋಡಿಸಿದ್ರೆ, ಬಸದಿಯ ಫೋಟೋ ಜೊತೆಗೆ ನಿಮ್ಮ ಸ್ವಂತ ದಾಖಲೆಗಳೂ ಹೊರಗೆ ಹೋದಾವು. ಅದಕ್ಕೆ ಮೊದಲು ಡಿಕೋಡ್, ಆಮೇಲೆ ಪಾತ್ ರಿಸಾಲ್ವ್, ಕೊನೆಗೆ ಸಿಕ್ಕಿದ ದಾರಿ ನಿಮ್ಮ ಫೋಲ್ಡರಿನ ಒಳಗೇ ಇದೆಯಾ ಅಂತ ಪರೀಕ್ಷೆ. ಈ ಕ್ರಮ ತಪ್ಪಿಸಬೇಡಿ. ಡಿಕೋಡ್‌ಗೆ ಮೊದಲೇ ಪರೀಕ್ಷಿಸಿದ್ರೆ ವೇಷ ಹಾಕಿದ ಚುಕ್ಕಿಗಳು ನುಸುಳ್ತವೆ. ಹೋಲಿಸುವಾಗ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇರಲಿ. ಇಲ್ಲದಿದ್ರೆ 'ಪ್ರವಾಸ'ಕ್ಕೆ ಕೊಟ್ಟ ಅನುಮತಿ ಪಕ್ಕದ 'ಪ್ರವಾಸ-ಖರ್ಚು' ಫೋಲ್ಡರಿಗೂ ಸಿಕ್ಕಿಬಿಡುತ್ತೆ.

ಇನ್ನು ಲ್ಯಾಪ್‌ಟಾಪನ್ನೂ ಗೆಳೆಯರ ಫೋನುಗಳನ್ನೂ ಒಂದೇ ಹಾಟ್‌ಸ್ಪಾಟಿಗೆ ಸೇರಿಸಿ. ಲ್ಯಾಪ್‌ಟಾಪಿನ ಐಪಿ ವಿಳಾಸ, ಕೋಲನ್, 8080 ಅಂತ ಅವರು ಬ್ರೌಸರಿನಲ್ಲಿ ಒತ್ತಲಿ. ತೆರೆಯದಿದ್ರೆ ಲ್ಯಾಪ್‌ಟಾಪಿನ ಫೈರ್‌ವಾಲ್ ತಡೀತಾ ಇದೆಯಾ ನೋಡಿ.

ನಾನು ಹೇಳೋದಿಷ್ಟೇ: ಸರ್ವರ್ ಅನ್ನೋದು ದೂರದ ದೊಡ್ಡ ಕಟ್ಟಡದಲ್ಲೇ ಇರಬೇಕಂತ ಇಲ್ಲ. ಈ ಭಾನುವಾರ ಮನೆಯಲ್ಲೇ ಮೂರು ಪುಟ ಇಟ್ಟು ನೋಡಿ. ಕೆಲಸ ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸೋದು ಮರೀಬೇಡಿ. ಮತ್ತೆ ಸಿಗುವ.