ಬೆಂಗಳೂರಿನ ಹವೆ, ಬಿಯರಿನ ಯೀಸ್ಟ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿ ಸೋಸಿ, ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿದಾಗ ದೊರೆಯುವ ಸಿಹಿನೀರಿಗೆ ವರ್ಟ್ ಎನ್ನುತ್ತಾರೆ. ತಯಾರಕನ ಶ್ರಮ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ಆ ನೀರಿನ ಸಕ್ಕರೆಯನ್ನು ಉಂಡು ಆಲ್ಕೋಹಾಲು, ಇಂಗಾಲದ ಡೈಆಕ್ಸೈಡ್ ಮತ್ತು ಹತ್ತಾರು ಬಗೆಯ ಪರಿಮಳಗಳನ್ನು ಹೊರಬಿಡುವ ಕೆಲಸ ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರದ್ದು. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಬಿಯರ್ ತಯಾರಿಸಲು ದಾರಿ ಮಾಡಿಕೊಟ್ಟಿತು. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಇಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಹೀಗಾಗಿ ಈ ವಿದ್ಯೆ ಬೆಂಗಳೂರಿನಲ್ಲಿ ಬೆಳೆದದ್ದು ಇಂದಿರಾನಗರದ ಟಾಯ್ಟ್, ಹೆಣ್ಣೂರಿನ ಬಿಗ್ ಬ್ರೂಸ್ಕಿಯಂಥ ಮೈಕ್ರೊಬ್ರೂವರಿಗಳಲ್ಲಿ, ಎಂದರೆ ತಯಾರಿಸಿದ್ದನ್ನು ಅಲ್ಲಿಯೇ ಮಾರುವ ಚಿಕ್ಕ ಕಾರ್ಖಾನೆಗಳಲ್ಲಿ.

ಬಿಯರಿನ ಯೀಸ್ಟುಗಳಲ್ಲಿ ಎರಡು ಮುಖ್ಯ ಬಳಗಗಳಿವೆ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಪ್ರಭೇದದ ಏಲ್ ಯೀಸ್ಟ್ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುತ್ತದೆ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯ ತಂಪನ್ನು ಬೇಡುತ್ತದೆ, ಆಮೇಲೂ ಕೆಲವು ವಾರ ಶೀತದಲ್ಲಿ ಮಾಗಬೇಕಾಗುತ್ತದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ ತೋರಿಸಿದ್ದು ಈ ಲಾಗರ್ ಬಳಗದ್ದೇ. ಅದು ಎರಡು ಪ್ರಭೇದಗಳ ಮಿಶ್ರ ಸಂತಾನವಾಗಿದ್ದು, ತಂಪು ತಡೆಯುವ ಗುಣ ಕೊಟ್ಟ ಪೂರ್ವಜ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡುಗಳಲ್ಲಿ ಪತ್ತೆಯಾದ ಸುದ್ದಿ 2011ರಲ್ಲಷ್ಟೇ ಪ್ರಕಟವಾಯಿತು. ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಬ್ರೂವರಿಗಳನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್‌ನ ಕಿಂಗ್‌ಫಿಷರ್ ಕೂಡ ಲಾಗರೇ. ಬೆಂಗಳೂರಿಗರ ನಾಲಗೆಗೆ ಅಭ್ಯಾಸವಾದದ್ದು ಲಾಗರ್, ಬೆಂಗಳೂರಿನ ಹವೆಗೆ ಒಗ್ಗುವುದು ಏಲ್: ದೊಡ್ಡ ಶೈತ್ಯಯಂತ್ರಗಳಿಲ್ಲದ ಸಣ್ಣ ತಯಾರಕ ಮೊದಲು ಎದುರಿಸಬೇಕಾದ ಇಕ್ಕಟ್ಟು ಇದು.

ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಉಬ್ಬಲು ತಡವಾಗುವುದೂ ಏಪ್ರಿಲಿನಲ್ಲಿ ಬೆಳಗಾಗುವುದರೊಳಗೆ ಹುಳಿಯೇರುವುದೂ ಯಲಹಂಕ ಸಮೀಪದ ಸಿಂಗಾಪುರದ ಅಡುಗೆಮನೆಗಳಿಗೆ ಗೊತ್ತಿರುವ ಸಂಗತಿ. ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಲ್ಯುಕನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಯೀಸ್ಟಿನ ಪಾಲು ಅಲ್ಲಿ ಚಿಕ್ಕದು. ಆದರೆ ಉಷ್ಣತೆಯ ನಿಯಮ ಎರಡಕ್ಕೂ ಒಂದೇ. ಜನವರಿಯ ರಾತ್ರಿ 16 ಡಿಗ್ರಿಗೆ ಇಳಿಯುವ ಇದೇ ಊರು ಏಪ್ರಿಲಿನ ಮಧ್ಯಾಹ್ನ 34 ಡಿಗ್ರಿ ಮುಟ್ಟುತ್ತದೆ. ಅದರ ಮೇಲೆ ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಪಾತ್ರೆಯೊಳಗಿನ ದ್ರವ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚೇ ಬಿಸಿಯಾಗಿರುತ್ತದೆ. ಕಾವು ಮಿತಿಮೀರಿದರೆ ಸಾಧಾರಣ ಏಲ್ ಯೀಸ್ಟ್ ಗಂಟಲು ಸುಡುವ, ಥಿನ್ನರ್ ವಾಸನೆಯ ಭಾರದ ಆಲ್ಕೋಹಾಲುಗಳನ್ನು ಬಿಡುತ್ತದೆ. ಜರ್ಮನಿಯ ಗೋಧಿ ಬಿಯರಿನ ಯೀಸ್ಟ್ ಮಾತ್ರ ಈ ವಿಷಯದಲ್ಲಿ ಸ್ವಲ್ಪ ಉದಾರಿ: ತುಸು ಬೆಚ್ಚಗೆ ಹುದುಗಿದರೆ ಅದರಲ್ಲಿ ಕಳಿತ ಬಾಳೆಹಣ್ಣಿನ ಪರಿಮಳ ಹೆಚ್ಚುತ್ತದೆ, ತಂಪಿನಲ್ಲಿ ಲವಂಗದ ಘಾಟು ಮುಂದೆ ಬರುತ್ತದೆ, ಎರಡನ್ನೂ ಕುಡಿಯುವವರು ದೋಷವೆಂದು ಎಣಿಸುವುದಿಲ್ಲ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಕ್ವೈಕ್ ಎಂಬ ತಳಿಗಳು 35 ಡಿಗ್ರಿಯಲ್ಲಿಯೂ ಕೆಟ್ಟ ವಾಸನೆ ಬಿಡದೆ ದುಡಿಯುತ್ತವೆ; ಉತ್ತರ ಧ್ರುವದ ದಿಕ್ಕಿನ ದೇಶದ ಯೀಸ್ಟ್ ಬೆಂಗಳೂರಿನ ಬೇಸಿಗೆಗೆ ಹೊಂದುವುದು ಸೋಜಿಗವೇ ಸರಿ. ಬೇಕರಿಯ ಯೀಸ್ಟ್ ಪ್ರಭೇದದಲ್ಲಿ ಏಲ್ ಯೀಸ್ಟಿನ ದಾಯಾದಿಯಾದರೂ ಅದನ್ನು ಆರಿಸಿ ಬೆಳೆಸಿರುವುದು ಹಿಟ್ಟನ್ನು ಬೇಗ ಉಬ್ಬಿಸುವುದಕ್ಕಾಗಿ. ಬಿಯರಿನಲ್ಲಿ ಅದು ಸರಿಯಾಗಿ ತಳಕ್ಕಿಳಿಯದೆ ಬ್ರೆಡ್ಡಿನ ವಾಸನೆಯನ್ನು ಉಳಿಸುತ್ತದೆ.

ತಳಿ ಗೊತ್ತಾದ ಮೇಲೆ ಲೆಕ್ಕದ ಪ್ರಶ್ನೆ. ಸಾಧಾರಣ ಗಾಢತೆಯ 20 ಲೀಟರ್ ಏಲ್ ವರ್ಟಿಗೆ ಸುಮಾರು 18,000 ಕೋಟಿ ಜೀವಂತ ಕೋಶಗಳು ಬೇಕು, ಲಾಗರಿಗೆ ಅದರ ಎರಡರಷ್ಟು. ದ್ರವರೂಪದ ಯೀಸ್ಟಿನಲ್ಲಿ ತಳಿಗಳ ವೈವಿಧ್ಯ ಹೆಚ್ಚು. ಆದರೆ ದಾರಿಯಲ್ಲಿ ತಂಪು ತಪ್ಪಿದರೆ ಅದರ ಕೋಶಗಳು ಬೇಗ ಸಾಯುವುದರಿಂದ ಈ ಹವೆಯಲ್ಲಿ ಒಣ ಯೀಸ್ಟನ್ನು ನಂಬುವುದೇ ಜಾಣತನ. ಇಷ್ಟು ಏಲಿಗೆ 11.5 ಗ್ರಾಮಿನ ಒಂದು ಪೊಟ್ಟಣ ಸಾಕಾಗುತ್ತದೆ. ಕುದಿಸಿ 30ರಿಂದ 35 ಡಿಗ್ರಿಗೆ ಆರಿಸಿದ ನೀರನ್ನು ಯೀಸ್ಟಿನ ಹತ್ತರಷ್ಟು ತೂಕಕ್ಕೆ ತೆಗೆದುಕೊಂಡು, ಅದರ ಮೇಲೆ ಯೀಸ್ಟನ್ನು ಉದುರಿಸಿ, ಕಲಕದೆ ಕಾಲು ಗಂಟೆ ಬಿಟ್ಟು, ಬಳಿಕ ಮೆಲ್ಲಗೆ ತಿರುವಿ ತಣಿದ ವರ್ಟಿಗೆ ಸೇರಿಸುವುದು ವಾಡಿಕೆ; ಒಣಗಿದ ಕೋಶದ ಪೊರೆ ಮೊದಲ ನಿಮಿಷಗಳಲ್ಲಿ ಸಕ್ಕರೆಯನ್ನು ತಡೆಯಲಾರದು ಎಂಬುದು ಇದರ ಕಾರಣ. ನೇರವಾಗಿ ವರ್ಟಿಗೇ ಉದುರಿಸಬಹುದೆಂದು ಈಗಿನ ಕೆಲವು ಕಂಪನಿಗಳು ಹೇಳುತ್ತವೆ, ಅದೂ ನಡೆಯುತ್ತದೆ. ನಲ್ಲಿಯ ಕಾವೇರಿ ನೀರಾದರೆ ಕುದಿಸುವುದರಿಂದ ಇನ್ನೊಂದು ಲಾಭವಿದೆ: ಉಳಿದ ಕ್ಲೋರಿನ್ ಹಾರಿಹೋಗದಿದ್ದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುವ ಸಂಭವವಿರುತ್ತದೆ.

ದ್ರವ ಯೀಸ್ಟನ್ನೇ ಬಳಸುವುದಾದರೆ ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸಾರ ಬೆರೆಸಿ, ಕುದಿಸಿ ಆರಿಸಿ, ಅದರಲ್ಲಿ ಯೀಸ್ಟನ್ನು ಒಂದೆರಡು ದಿನ ಆಗಾಗ ಕುಲುಕುತ್ತ ಬೆಳೆಸಬೇಕು. ಇದಕ್ಕೆ ಸ್ಟಾರ್ಟರ್ ಎಂದು ಹೆಸರು. ಕುಲುಕಿದಾಗ ಕರಗುವ ಆಮ್ಲಜನಕದಿಂದ ಕೋಶಗಳು ಹೊಸ ಪೊರೆ ಕಟ್ಟಿಕೊಂಡು ಹೆಚ್ಚುತ್ತವೆ. ಬ್ರೂವರಿಗಳಲ್ಲಿ ಒಂದು ಸಲದ ತಯಾರಿ ಮುಗಿದಾಗ ತೊಟ್ಟಿಯ ತಳದಲ್ಲಿ ಕೂತ ಕೆನೆಬಣ್ಣದ ಗಸಿಯನ್ನು ತೆಗೆದು, 2ರಿಂದ 4 ಡಿಗ್ರಿಯಲ್ಲಿಟ್ಟು, ಆದಷ್ಟು ಬೇಗ ಮುಂದಿನ ತಯಾರಿಗೆ ಬಳಸುತ್ತಾರೆ. ಹಾಕುವ ಮೊದಲು ಒಂದು ಹನಿಗೆ ಮೆಥಿಲೀನ್ ಬ್ಲೂ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೋಶಗಳು ನೀಲಿಯಾಗಿಯೂ ಬದುಕಿರುವವು ಬಣ್ಣವಿಲ್ಲದೆಯೂ ಕಾಣುತ್ತವೆ. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ನೀಲಿ ಕಂಡರೆ ಆ ಗಸಿಯನ್ನು ಚೆಲ್ಲಿ ಹೊಸ ಪೊಟ್ಟಣ ಒಡೆಯುವುದು ಲೇಸು.