ನೂಕುನುಗ್ಗಲಲ್ಲಿ ಹಿಂದೆ ಸರಿಯುವ ಕಂಪ್ಯೂಟರ್
1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಇಂಟರ್ನೆಟ್ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ ಬರೀ 40ಕ್ಕೆ ಕುಸಿಯಿತು. ದೂರ ಅರ್ಧ ಕಿಲೋಮೀಟರೂ ಇರಲಿಲ್ಲ. ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಕಂಪ್ಯೂಟರ್‌ಗಳು ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿದ್ದವು. ಆ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಸರಳ: ಪ್ಯಾಕೆಟ್ ಕಳೆದರೆ ಕಂಪ್ಯೂಟರ್ ವೇಗ ತಗ್ಗಿಸಿ ಹಿಂದೆ ಸರಿಯಬೇಕು, ಆಮೇಲೆ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಇದನ್ನು ಪಾಲಿಸುವಂತೆ ಕಾಯುವ ಪೊಲೀಸರಿಲ್ಲ. ಎಲ್ಲರೂ ಪಾಲಿಸುತ್ತಾರೆಂಬ ನಂಬಿಕೆಯೇ ಆಧಾರ.

ಆದರೆ ಎಲ್ಲರೂ ಹೀಗೆ ಪಾಲಿಸಿದಾಗಲೂ ವೇಗದ ಪಾಲು ಹಂಚಿಕೆಯಾಗುವುದು ಸಂಪರ್ಕಗಳ ಲೆಕ್ಕದಲ್ಲಿ, ತಲೆಲೆಕ್ಕದಲ್ಲಲ್ಲ. ಒಂದೇ ಮನೆಯ ವೈಫೈಯಲ್ಲಿ ಅಣ್ಣ ಟೊರೆಂಟ್‌ಗಾಗಿ 20 ಸಂಪರ್ಕ ತೆರೆದರೆ, ಒಂದೇ ಸಂಪರ್ಕದಲ್ಲಿ ಪಾಠದ ಫೈಲ್ ಇಳಿಸಿಕೊಳ್ಳುವ ತಂಗಿಗೆ ಸಿಗುವುದು ಹೆಚ್ಚುಕಡಿಮೆ 21ರಲ್ಲಿ ಒಂದು ಪಾಲು. ಅಣ್ಣ ಯಾವ ನಿಯಮವನ್ನೂ ಮುರಿದಿಲ್ಲ ಎಂಬುದೇ ಇಲ್ಲಿನ ತಮಾಷೆ. ಪ್ರತಿ ಸಾಧನಕ್ಕೂ ಬೇರೆಬೇರೆ ಸರತಿ ಕೊಡುವ ರೌಟರ್ ಇದ್ದರೆ ಇಬ್ಬರಿಗೂ ಸರಿಸುಮಾರು ಅರ್ಧರ್ಧ ದಕ್ಕುತ್ತದೆ.